ವಿಕಿರಣ ಮತ್ತು ಮಹಿಳೆಯರ ಆರೋಗ್ಯ



ಸುವರ್ಣ ಮಹೋತ್ಸವದ ಈ ವೇದಿಕೆಯಲ್ಲಿ ವಿಜ್ಞಾನದ ಬಗ್ಗೆ ನಾಲ್ಕು ಮಾತಾಡಲು ಹೇಳಿದ್ದೀರಿ. ಇಲ್ಲಿ ಇಷ್ಟೊಂದು ಹೆಣ್ಣುಮಕ್ಕಳು ಕುಳಿತಿರುವುದರಿಂದ ನಾನು ಈ ವಿಷಯ ಆರಿಸಿಕೊಂಡೆ.

1945ರ ಆಗಸ್ಟ್‌ನಲ್ಲಿ ಹಿರೋಷಿಮಾ, ನಾಗಸಾಕಿಗಳ ಮೇಲೆ ಅಣುಬಾಂಬ್ ಬಿದ್ದದ್ದನ್ನು ನೀವು ಓದಿದ್ದೀರಿ. ಬದುಕುಳಿದವರ ಆರೋಗ್ಯವನ್ನು ಪರೀಕ್ಷಿಸಲು ಅಮೆರಿಕ ಸರ್ಕಾರ ತನ್ನ ಹಣದಿಂದ ಒಂದು ಆಯೋಗವನ್ನು ನಡೆಸಿತು. 1975ರಲ್ಲಿ ಅದು ಜಪಾನ್ ಮತ್ತು ಅಮೆರಿಕದ ಜಂಟಿ ಸಂಸ್ಥೆಯಾಯಿತು. ಸುಮಾರು 1,20,000 ಜನರ ಆರೋಗ್ಯದ ದಾಖಲೆ ಅಲ್ಲಿದೆ.

ಅದರಿಂದ ತಿಳಿದದ್ದೇನು? ಒಂದೇ ಪ್ರಮಾಣದ ವಿಕಿರಣ ತಗುಲಿದರೂ ಕ್ಯಾನ್ಸರ್ ಅಪಾಯ ಗಂಡಸರಿಗಿಂತ ಹೆಂಗಸರಿಗೆ ಹೆಚ್ಚು. ಬಾಲ್ಯದಲ್ಲಿ ವಿಕಿರಣಕ್ಕೆ ಸಿಕ್ಕ ಹುಡುಗಿಯರಲ್ಲಿ ದಶಕಗಳ ನಂತರ ಸ್ತನ ಕ್ಯಾನ್ಸರ್ ಹೆಚ್ಚಾಗಿ ಕಂಡುಬಂತು. ಗರ್ಭದ 8ರಿಂದ 15ನೇ ವಾರದಲ್ಲಿ ಮಗುವಿನ ಮೆದುಳಿಗೆ ಹೆಚ್ಚು ಹಾನಿಯಾಗುತ್ತದೆ. ಆದರೆ ಬದುಕುಳಿದವರಿಗೆ ಮುಂದೆ ಹುಟ್ಟಿದ ಮಕ್ಕಳಲ್ಲಿ ಆನುವಂಶಿಕ ದೋಷ ಹೆಚ್ಚಿದ್ದು ಕಾಣಲಿಲ್ಲ. ಬಾಂಬಿಗೆ ಸಿಕ್ಕವಳೆಂದು ಮದುವೆ ತಪ್ಪಿಹೋದ ಹೆಣ್ಣುಮಕ್ಕಳ ಊರಿನಲ್ಲಿ ಇದು ಸಣ್ಣ ಮಾತಲ್ಲ.

ಈ ಸಂಶೋಧನೆಗೆ ಇನ್ನೊಂದು ಮುಖವೂ ಇದೆ. ಆರಂಭದಲ್ಲಿ ಆ ಆಯೋಗ ಜನರನ್ನು ಪರೀಕ್ಷಿಸಿತೇ ಹೊರತು ಚಿಕಿತ್ಸೆ ಕೊಡಲಿಲ್ಲ. ಅಮೆರಿಕದ ನ್ಯಾಶ್‌ವಿಲ್‌ನಲ್ಲಿ 1945ರಿಂದ 1947ರವರೆಗೆ 800ಕ್ಕೂ ಹೆಚ್ಚು ಗರ್ಭಿಣಿಯರಿಗೆ ವಿಕಿರಣಶೀಲ ಕಬ್ಬಿಣ ಬೆರೆಸಿದ ಪಾನೀಯ ಕುಡಿಸಿದರು. ಅದು ಪುಷ್ಟಿ ಪಾನೀಯವೆಂದೇ ತಾವು ನಂಬಿದ್ದೆವು ಎಂದು ಕೆಲವರು ಮುಂದೆ ಹೇಳಿದರು. ಇಂಥ ಪ್ರಯೋಗಗಳಿಗಾಗಿ ಅಧ್ಯಕ್ಷ ಕ್ಲಿಂಟನ್ 1995ರಲ್ಲಿ ಕ್ಷಮೆ ಕೋರಿದರು.

ಲೆಕ್ಕದಲ್ಲಿಯೂ ಹೆಣ್ಣು ಹಿಂದೆ ಬಿದ್ದಿದ್ದಳು. ವಿಕಿರಣದ ಪ್ರಮಾಣ ಅಳೆಯಲು 1975ರಲ್ಲಿ ಅಂತಾರಾಷ್ಟ್ರೀಯ ಆಯೋಗವೊಂದು ಮುಖ್ಯ ಮಾದರಿಯಾಗಿಟ್ಟುಕೊಂಡದ್ದು 70 ಕಿಲೋ ತೂಕದ, 170 ಸೆಂಟಿಮೀಟರ್ ಎತ್ತರದ, 20ರಿಂದ 30 ವರ್ಷದ ಬಿಳಿಯ ಗಂಡಸನ್ನು. ಹೆಣ್ಣಿನ ದೇಹಕ್ಕೆ ಸಮನಾದ ಸ್ಥಾನ ಸಿಕ್ಕಿದ್ದು ಆಮೇಲೆ.

ಮಕ್ಕಳೇ, ಇದನ್ನು ಕೇಳಿ ಎಕ್ಸ್‌ರೇಗೆ ಹೆದರಬೇಡಿ. ಅಗತ್ಯವಿದ್ದಾಗ ಅದು ಜೀವ ಉಳಿಸುತ್ತದೆ. ಆದರೆ ಏಕೆ ಬೇಕು ಎಂದು ಕೇಳಿ. ಮನೆಯಲ್ಲಿ ಗರ್ಭಿಣಿಯರಿದ್ದರೆ ವೈದ್ಯರಿಗೆ ಮೊದಲೇ ಹೇಳುವಂತೆ ತಿಳಿಸಿ. ಮುಂದೆ ನಿಮ್ಮಲ್ಲಿ ಯಾರಾದರೂ ಸಂಶೋಧಕರಾದರೆ ಎರಡು ಮಾತು ನೆನಪಿಡಿ: ಹೆಂಗಸರನ್ನು ಬೇರೆಯಾಗಿ ಎಣಿಸಿ, ಎಣಿಸುವ ಮೊದಲು ಅವರ ಒಪ್ಪಿಗೆ ಕೇಳಿ. ಸರ್ಕಾರದ ಹಣವೆಂದರೆ ಅವರದೂ ಹಣ.