ರೈಲು ಹುಟ್ಟುವ ಮೊದಲೇ ಕಟ್ಟಿದ ರೈಲು ಸೇತುವೆ

1735. ಈ ಇಸವಿಯೊಂದನ್ನು ನೆನಪಿನಲ್ಲಿ ಇಟ್ಟುಕೊಳ್ಳಿ. ಬೇರೆ ಇಸವಿಗಳನ್ನು ಮರೆತರೂ ಚಿಂತೆಯಿಲ್ಲ, ಹುಡುಕಿದರೆ ಸಿಗುತ್ತವೆ.

ಆ ವರ್ಷ ನಂಜನಗೂಡಿನಲ್ಲಿ ಕಪಿಲೆಗೆ ಅಡ್ಡಲಾಗಿ ಒಂದು ಕಲ್ಲಿನ ಸೇತುವೆ ಎದ್ದಿತು. ಕಟ್ಟಿಸಿದವರು ಮೈಸೂರಿನ ದಳವಾಯಿ ದೇವರಾಜಯ್ಯ. ಉಗಿಯಂತ್ರಕ್ಕೆ ಹೊಸ ಬಲ ಕೊಟ್ಟ ಜೇಮ್ಸ್ ವಾಟ್ ಹುಟ್ಟಿದ್ದು ಅದರ ಮರುವರ್ಷ. ಟಿಪ್ಪು ಇನ್ನೂ ಹುಟ್ಟಿರಲಿಲ್ಲ. ಹಳಿಯ ಮೇಲೆ ಉಗಿಬಂಡಿ ಜಗತ್ತಿನಲ್ಲಿ ಎಲ್ಲಿಯೂ ಇನ್ನೂ ಓಡಿರಲಿಲ್ಲ. ಅಂಥ ಕಾಲದ ಈ ಸೇತುವೆಯ ಮೇಲೆ, ಮುಂದೆ ನೂರಕ್ಕೂ ಹೆಚ್ಚು ವರ್ಷ ರೈಲು ಓಡಿತು!

ಮೈಸೂರಿನ ಕವಲು ಹಳಿಗಳ ಚರಿತ್ರೆ ಓದಲು ಕೂತಾಗಲೆಲ್ಲ ನನ್ನ ಮನಸ್ಸು ಈ ಸೇತುವೆಯ ಹತ್ತಿರ ಹೋಗಿ ನಿಂತುಬಿಡುತ್ತದೆ. ಇದು ಆದದ್ದಾದರೂ ಹೇಗೆ?

ಮೊದಲು ಮೈಸೂರಿಗೆ ರೈಲು ಬಂದ ಬಗೆ ನೋಡೋಣ. 1876–78ರ ಘೋರ ಬರಗಾಲದಲ್ಲಿ ಹಸಿದವರಿಗೆ ಕೂಲಿ ಕೊಡಲೆಂದು ಕೈಗೆತ್ತಿಕೊಂಡ ಕಾಮಗಾರಿಗಳಲ್ಲಿ ಬೆಂಗಳೂರು–ಮೈಸೂರು ಹಳಿಯೂ ಒಂದು. ಅದು ಪೂರ್ತಿಯಾದದ್ದು ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ. ಇಂದು ನಾವು ಒಂದು ಊಟದ ಹೊತ್ತಿನಲ್ಲಿ ದಾಟುವ ಆ ದಾರಿಯ ಮಣ್ಣು ಹೊತ್ತವರು ಬರದಲ್ಲಿ ಬದುಕುಳಿದ ಜನ. ಇದನ್ನು ನಮ್ಮ ನಿಲ್ದಾಣಗಳಲ್ಲಿ ಎಲ್ಲಾದರೂ ಬರೆದು ಹಾಕಬೇಕಿತ್ತು ಎನ್ನುವುದು ನನ್ನ ಅಭಿಪ್ರಾಯ.

ಆ ಹಳಿ ಮೀಟರ್‌ಗೇಜ್. ಹಿಂದೆ ಗೇಜ್ ಬಗ್ಗೆ ದೊಡ್ಡ ಜಗಳವೇ ನಡೆದಿತ್ತು. ಅಗಲದ ಹಳಿಯೇ ಬೇಕು ಎಂದು ಪಟ್ಟು ಹಿಡಿದ ಎಂಜಿನಿಯರುಗಳು ಒಂದು ಕಡೆ, ಖರ್ಚು ಕಡಿಮೆಯಾಗಲಿ ಎಂದ ವೈಸ್‌ರಾಯ್ ಲಾರ್ಡ್ ಮೇಯೊ ಇನ್ನೊಂದು ಕಡೆ. ದೇಶಕ್ಕೆಲ್ಲ ಮೀಟರ್ ಅಳತೆ ತರುವ ಆಲೋಚನೆಯೂ ಆಗ ನಡೆದಿತ್ತು, ಹಾಗಾಗಿ ಹಳಿಯ ಅಗಲವೂ ಸರಿಯಾಗಿ ಒಂದು ಮೀಟರ್ ಎಂದಾಯಿತು. ಆ ಅಳತೆ ನಮ್ಮ ಅಂಗಡಿಗಳಿಗೆ ಬಂದದ್ದು ಸ್ವಾತಂತ್ರ್ಯದ ನಂತರ, ಹಳಿಗೆ ಮಾತ್ರ ಆಗಲೇ ಬಂತು!

ಇದರ ಪೆಟ್ಟು ತಿಂದದ್ದು ಸರಕು ಸಾಗಣೆ. ಮದ್ರಾಸಿನಿಂದ ಬ್ರಾಡ್‌ಗೇಜ್ ವ್ಯಾಗನ್ನಿನಲ್ಲಿ ಬಂದ ಮೂಟೆ ಬೆಂಗಳೂರಿನಲ್ಲಿ ಇಳಿಯಬೇಕು, ಹಮಾಲರ ಬೆನ್ನೇರಿ ಮೀಟರ್‌ಗೇಜ್ ವ್ಯಾಗನ್ನಿಗೆ ಹತ್ತಬೇಕು, ಆಮೇಲೆ ಮೈಸೂರಿನ ಗೂಡ್ಸ್ ಶೆಡ್ಡಿಗೆ ಬರಬೇಕು. ಕೂಲಿ ಎರಡು ಸಲ, ಸೋರಿಕೆಯೂ ಎರಡು ಸಲ. ಮೈಸೂರಿಗೆ ಬ್ರಾಡ್‌ಗೇಜ್ ಬಂದದ್ದು 1990ರ ದಶಕದಲ್ಲಿ. ಇಷ್ಟು ಕಾಲ ಇದನ್ನು ಸಹಿಸಬೇಕಾಗಿ ಬಂದದ್ದು ದೊಡ್ಡ ತಪ್ಪು.

ಆದರೆ ಅದೇ ತಪ್ಪಿನಿಂದ ನಂಜನಗೂಡಿಗೆ ಲಾಭವಾಯಿತು. ಮೈಸೂರಿನಿಂದ ನಂಜನಗೂಡಿಗೆ ಹೊರಟ ಕವಲು ಹಳಿ ಚಾಮರಾಜಪುರಂ, ಕಡಕೊಳ ದಾಟಿ ನದಿಯ ಕಡೆಗೆ ಬಂದಾಗ, ಎದುರಿಗೆ ದಳವಾಯಿಯ ಸೇತುವೆ ಸಿದ್ಧವಾಗಿ ನಿಂತಿತ್ತು. ಹಳಿ ಕಿರಿದು, ಎಂಜಿನ್ ಹಗುರ. ಸೇತುವೆಯ ಒಂದು ಬದಿಯಲ್ಲಿ ಹಳಿ ಹಾಕಿದರು, ಇನ್ನೊಂದು ಬದಿಯಲ್ಲಿ ಎತ್ತಿನ ಗಾಡಿ, ಮುಂದೆ ಬಸ್ಸು, ಲಾರಿ. ಬ್ರಾಡ್‌ಗೇಜ್ ಆಗಿದ್ದರೆ ಇದಕ್ಕೆ ಜಾಗವೇ ಸಾಲುತ್ತಿರಲಿಲ್ಲ.

ಸೇತುವೆಯ ಕಂಬಗಳನ್ನು ನೋಡಿ. ದಪ್ಪ ದಪ್ಪ, ಒತ್ತೊತ್ತಾಗಿ ನಿಂತಿವೆ. ನಡುವೆ ಸಣ್ಣ ಸಣ್ಣ ಕಮಾನು. ಕಮಾನು ಸಣ್ಣದಾದಷ್ಟೂ ಒಂದೊಂದರ ಮೇಲೆ ಬೀಳುವ ಭಾರ ಕಡಿಮೆ. ಕಪಿಲೆಯ ಮಳೆಗಾಲದ ಪ್ರವಾಹ ತಡೆಯಲು ಕಟ್ಟಿದ ಆ ಗಟ್ಟಿತನವೇ ಮುಂದೆ ರೈಲನ್ನೂ ಹೊತ್ತಿತು. ದೇವರಾಜಯ್ಯನವರ ಮನೆತನ ಪಕ್ಕದ ಕಳಲೆಯದು. ಅರಸರನ್ನು ಹೆಸರಿಗಷ್ಟೇ ಗದ್ದುಗೆಯಲ್ಲಿ ಕೂರಿಸಿ ಆಳಿದವರು ಎಂದು ಕಳಲೆಯ ದಳವಾಯಿಗಳನ್ನು ಇತಿಹಾಸ ದೂರುತ್ತದೆ. ದೂರಲಿ, ಅದು ನಿಜವೇ. ಈ ಸೇತುವೆಯನ್ನೂ ಅವರ ಲೆಕ್ಕಕ್ಕೆ ಬರೆಯಬೇಕು.

1920ರ ದಶಕದಲ್ಲಿ ಹಳಿ ಚಾಮರಾಜನಗರ ಮುಟ್ಟಿತು. ಮೈಸೂರಿನ ಅಶೋಕಪುರಂನಲ್ಲಿ ರೈಲ್ವೆ ಕಾರ್ಯಾಗಾರ ಶುರುವಾದದ್ದೂ ಅದೇ ದಶಕದಲ್ಲಿ, ಅದು ಇಂದಿಗೂ ಕೆಲಸ ಮಾಡುತ್ತಿದೆ. ಚಾಮರಾಜನಗರದಿಂದ ಸತ್ಯಮಂಗಲದ ಕಡೆಗೆ ಹಳಿ ಎಳೆಯುವ ಮಾತು ಎಷ್ಟೋ ಸಲ ಬಂದು ಹೋಗಿದೆ. ನಡುವೆ ಆನೆಗಳ ಕಾಡಿದೆ. ಹಳಿ ಅಲ್ಲೇ ನಿಂತದ್ದು ಒಳ್ಳೆಯದೇ ಆಯಿತು ಎನ್ನುವವರಲ್ಲಿ ನಾನೂ ಒಬ್ಬ.

ಈಗ ಶ್ರೀರಂಗಪಟ್ಟಣಕ್ಕೆ ಹೋಗೋಣ, ಏಕೆಂದರೆ ರೈಲಿಗಾಗಿ ಹಳೆಯ ಕಟ್ಟಡವನ್ನು ಒಡೆಯದೆ ಉಳಿಸಿಕೊಂಡ ಉದಾಹರಣೆ ಅಲ್ಲಿದೆ. ಬೆಂಗಳೂರು–ಮೈಸೂರು ಜೋಡಿ ಹಳಿಗೆ ಅಡ್ಡವಾಗಿ ಟಿಪ್ಪು ಕಾಲದ ಮದ್ದಿನಮನೆ ನಿಂತಿತ್ತು. ಒಡೆಯುವಂತಿಲ್ಲ, ಹಳಿ ತಿರುಗಿಸುವಂತಿಲ್ಲ. 2017ರಲ್ಲಿ ಸುಮಾರು 1,000 ಟನ್ ತೂಕದ ಆ ಕಟ್ಟಡದ ಬುಡಕ್ಕೆ ಉಕ್ಕಿನ ತೊಲೆ ಕೊಟ್ಟು, ಜಾಕಿಗಳಿಂದ ಎತ್ತಿ, ಇಡಿಯಾಗಿ ಪಕ್ಕಕ್ಕೆ ಸರಿಸಿದರು. ಇಟ್ಟಿಗೆ ಗಾರೆಯ ಹಳೆಯ ಗೋಡೆ ಕಳಚಿ ಬೀಳಲಿಲ್ಲ. ನಮ್ಮ ರೈಲ್ವೆ ಚರಿತ್ರೆಯಲ್ಲಿ ನಾನು ತುಂಬ ಮೆಚ್ಚುವ ಕೆಲಸ ಇದು.

ನಂಜನಗೂಡಿನ ಸೇತುವೆಗೆ ಅಷ್ಟು ದೊಡ್ಡ ಸಾಹಸ ಬೇಕಿಲ್ಲ. ಬ್ರಾಡ್‌ಗೇಜ್‌ಗೆ ಬೇರೆ ಸೇತುವೆ ಬಂತು, ಹಳೆಯದಕ್ಕೆ ರೈಲಿನ ಭಾರವಿಲ್ಲ. ಕಲ್ಲಿನ ಸಂದಿಯಲ್ಲಿ ಆಲ, ಅರಳಿ ಬೇರು ಬಿಡದಂತೆ ನೋಡಿಕೊಳ್ಳಬೇಕು, ಸಡಿಲಾದ ಕಡೆ ಗಾರೆ ತುಂಬಬೇಕು, ಇಸವಿ ಕಾಣುವಂತೆ ಒಂದು ಫಲಕ ನಿಲ್ಲಿಸಬೇಕು. ಶ್ರೀಕಂಠೇಶ್ವರನ ದರ್ಶನಕ್ಕೆ ಹೋದಾಗ ಹೊಳೆದಂಡೆಗೆ ಇಳಿದು ಆ ಕಮಾನುಗಳನ್ನು ನೋಡಿ ಬನ್ನಿ, ಮಕ್ಕಳಿಗೂ ತೋರಿಸಿ. ನೋಡಿದವರು ರೈಲ್ವೆಗೂ ಪುರಾತತ್ವ ಇಲಾಖೆಗೂ ಒಂದೊಂದು ಪತ್ರ ಬರೆಯಿರಿ. ನಾನೂ ಬರೆಯುತ್ತೇನೆ.