ಮೊದಲು ಕಂಡವರ ಹೊಣೆ

‘ಹುಚ್ಚು’ ಎಂಬ ನಮ್ಮ ಮಾತಿನ ವ್ಯಾಪ್ತಿ ದೊಡ್ಡದು. ಓದಿನ ಹುಚ್ಚು, ನಾಟಕದ ಹುಚ್ಚು, ಹುಚ್ಚುಹೊಳೆ ಎಲ್ಲವೂ ಅದರಲ್ಲಿ ಅಡಗುತ್ತವೆ. ಕನ್ನಡ ಕಲಿಸಿದವನಾದ ನನಗೆ ಈ ಶಬ್ದದ ಮೇಲೆ ಮುನಿಸಿಲ್ಲ. ಆದರೆ ಹರೆಯದ ಹುಡುಗನೊಬ್ಬನಿಗೆ ಅದನ್ನು ಅಂಟಿಸಿದರೆ, ಮನೆಯವರು ರೋಗವನ್ನು ಬಚ್ಚಿಡತೊಡಗುತ್ತಾರೆ.

ವೈದ್ಯರು ಸೈಕೋಸಿಸ್ ಎನ್ನುವ ಸ್ಥಿತಿ ಹೆಚ್ಚಾಗಿ ತಲೆದೋರುವುದು ತಾರುಣ್ಯದಲ್ಲಿಯೇ. ಇಲ್ಲದ ದನಿ ಕೇಳಿಸುವುದು, ಎಲ್ಲರೂ ತನ್ನ ಮೇಲೆ ಸಂಚು ಹೂಡಿದ್ದಾರೆಂದು ಬಲವಾಗಿ ನಂಬುವುದು ಅದರ ಲಕ್ಷಣಗಳು. ಅದಕ್ಕೆ ಮೊದಲೇ ಅನೇಕರಲ್ಲಿ ನಿದ್ರೆ ಕೆಡುತ್ತದೆ, ಓದು ಹಿಂದೆ ಬೀಳುತ್ತದೆ, ಗೆಳೆಯರ ಸಂಗ ಬೇಡವಾಗುತ್ತದೆ. ಚಿಕಿತ್ಸೆ ತಡವಾದಷ್ಟೂ ಚೇತರಿಕೆ ಕಷ್ಟ.

ಇವನ್ನು ಮೊದಲು ಕಾಣುವವರು ವೈದ್ಯರಲ್ಲ. ನಮ್ಮ ಕಾಲೇಜಿನ ವಿದ್ಯಾರ್ಥಿನಿಲಯದ ಹುಡುಗನೊಬ್ಬ ಅನ್ನದಲ್ಲಿ ವಿಷವಿದೆಯೆಂದು ಊಟ ಬಿಟ್ಟಿದ್ದ. ಸಹಪಾಠಿಗಳು ನಕ್ಕರು. ಅಡುಗೆಯ ಭಟ್ಟರು ನಗಲಿಲ್ಲ. “ಮೇಷ್ಟ್ರೇ, ರಾತ್ರಿಯೆಲ್ಲ ದೀಪ ಉರಿಯುತ್ತಿರುತ್ತದೆ, ಒಬ್ಬನೇ ಮಾತಾಡುತ್ತಾನೆ” ಎಂದು ನನಗೆ ಬಂದು ತಿಳಿಸಿದರು. ಅದೇ ವಾರ ತಂದೆ ಬಂದು ಆಸ್ಪತ್ರೆಗೆ ಕರೆದೊಯ್ದರು. ಒಂದು ವರ್ಷ ಹೋಯಿತಾದರೂ ಹುಡುಗ ಪದವಿ ಮುಗಿಸಿದ.

ಊರಿನವರ ಇಂಥ ಕಣ್ಣನ್ನೇ ಚಿಕಿತ್ಸೆಗೆ ಜೋಡಿಸಿದ ನಿದರ್ಶನ ನಮ್ಮಲ್ಲಿಯೇ ಇದೆ. ಬೆಂಗಳೂರಿನ ನಿಮ್ಹಾನ್ಸ್ 1970ರ ದಶಕದಲ್ಲಿಯೇ ಸಕಲವಾರದಲ್ಲಿ ಗ್ರಾಮೀಣ ಕೇಂದ್ರ ತೆರೆಯಿತು. 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಮೂಲಕ ನಡೆದ ಪ್ರಯೋಗ 1996ರ ರಾಷ್ಟ್ರವ್ಯಾಪಿ ಜಿಲ್ಲಾ ಕಾರ್ಯಕ್ರಮಕ್ಕೆ ಮಾದರಿಯಾಯಿತು. 2005ರಿಂದ ತೀರ್ಥಹಳ್ಳಿ ತಾಲ್ಲೂಕಿನಲ್ಲಿ ಆರೋಗ್ಯ ಕಾರ್ಯಕರ್ತರು ಸ್ಕಿಜೋಫ್ರೀನಿಯ ಉಳ್ಳವರನ್ನು ಹಳ್ಳಿಹಳ್ಳಿಗಳಲ್ಲಿ ಗುರುತಿಸಿದರು. ಅವರಿಗೆ ತಾಲ್ಲೂಕಿನಲ್ಲಿಯೇ ಔಷಧಿ ದೊರೆಯಿತು. ವರ್ಷಗಟ್ಟಲೆ ಚಿಕಿತ್ಸೆಯಿಲ್ಲದೆ ಉಳಿದಿದ್ದವರೂ ಅವರಲ್ಲಿದ್ದರು. ಔಷಧಿ ದೊರೆತ ಮೇಲೆ ಅನೇಕರು ಮತ್ತೆ ಕೆಲಸಕ್ಕೆ ಹೊರಟರು.

ದೇವಸ್ಥಾನಕ್ಕೆ ಹೋಗಬೇಡಿರೆಂದು ನಾನು ಹೇಳಲಾರೆ. ಹರಕೆ ತೀರುವವರೆಗೆ ಆಸ್ಪತ್ರೆಯನ್ನು ಮುಂದೂಡಬೇಡಿರೆಂದಷ್ಟೇ ನನ್ನ ಬಿನ್ನಹ. ಮದುವೆ ಮಾಡಿದರೆ ಸರಿಹೋದೀತೆಂಬ ಸಲಹೆಯನ್ನಂತೂ ಕೊಡಲೇಬೇಡಿ. ಅದರಿಂದ ಇನ್ನೊಂದು ಜೀವವೂ ಸಂಕಟಕ್ಕೆ ಸಿಲುಕುತ್ತದೆ. ಚೇತರಿಸಿಕೊಂಡವನು ‘ಈಗ ಚೆನ್ನಾಗಿದ್ದೇನೆ’ ಎಂದು ಮಾತ್ರೆ ಬಿಟ್ಟಾಗ ರೋಗ ಮರುಕಳಿಸುವುದುಂಟು. ಅದನ್ನು ವೈದ್ಯರ ಮಾತಿಲ್ಲದೆ ನಿಲ್ಲಿಸಬಾರದು. ಅವನನ್ನು ಸಂತೆಗೆ, ತೋಟದ ಕೆಲಸಕ್ಕೆ, ಯಕ್ಷಗಾನಕ್ಕೆ ಜೊತೆಗೆ ಕರೆದೊಯ್ಯುವುದು ನೆರೆಹೊರೆಯವರಿಂದ ಆಗಬಹುದಾದ ಕೆಲಸ.

ದಾರಿ ತೋಚದಿದ್ದರೆ, 2022ರಲ್ಲಿ ಆರಂಭವಾದ ಟೆಲಿ-ಮಾನಸ್ ದೂರವಾಣಿ ಸೇವೆಯಿದೆ. ಸಂಖ್ಯೆ 14416. ಕನ್ನಡದಲ್ಲಿಯೇ ಮಾತನಾಡಬಹುದು, ರೋಗಿಯೇ ಕರೆಯಬೇಕೆಂದಿಲ್ಲ, ತಾಯಿ ಕರೆದರೂ ಆದೀತು.