ದೊಡ್ಡ ಮೀನಿನ ಸರಿಯಾದ ತೂಕ
(ನಮ್ಮ ವಾಚನಾಲಯದಲ್ಲಿ ಮಾಡಿದ ಭಾಷಣ)



ರವಿವಾರ ಪೊವಾಯಿ ಕೆರೆಯ ಕಡೆ ಹೋದವರು ದಂಡೆಯಲ್ಲಿ ಗಾಳ ಹಾಕಿ ಕುಳಿತವರನ್ನು ನೋಡಿಯೇ ಇರುತ್ತೀರಿ. 1891ರ ಸುಮಾರಿಗೆ ಮುಂಬಯಿಗೆ ಕುಡಿಯುವ ನೀರಿಗೆಂದು ಕಟ್ಟಿದ ಕೆರೆಯದು. ನೀರು ಕುಡಿಯಲು ಒದಗಲಿಲ್ಲ, ಮೀನಿಗೆ ಒದಗಿತು. ಅಲ್ಲಿ ಸಿಕ್ಕ ಕಾಟ್ಲ ಕಾಂಜೂರ್‌ಮಾರ್ಗದಲ್ಲಿ ಎಂಟು ಕಿಲೋ ಇದ್ದದ್ದು, ಲೋಕಲ್ ಗಾಡಿ ದಾದರ್ ಮುಟ್ಟುವಷ್ಟರಲ್ಲಿ ಹನ್ನೆರಡಾಗುತ್ತದೆ!

ತಮಾಷೆ ಇರಲಿ. ನಮ್ಮ ಕಬಿನಿಯಲ್ಲಿ 1946ರಲ್ಲಿ ಮೈಸೂರಿನ ವಾನ್ ಇಂಗೆನ್ ಮನೆತನದವರೊಬ್ಬರು ಗಾಳದಿಂದ ಹಿಡಿದ ಮಹಸೀರ್ 120 ಪೌಂಡು, ಅಂದರೆ 54 ಕಿಲೋಗೂ ಮೇಲೆ ತೂಗಿತು. ಕಾವೇರಿಯ ಆ ದೊಡ್ಡ ಮಹಸೀರನ್ನು 2018ರಲ್ಲಿ ಅಳಿವಿನ ಅಂಚಿನಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಿದರು. ಹಿಂದೆ ಕೊಂದು ನಿಧಾನವಾಗಿ ತೂಗುತ್ತಿದ್ದರು. ಈಗ ಬಲ್ಲ ಗಾಳಗಾರರು ದೊಡ್ಡ ಮೀನನ್ನು ತೂಗಿ ಜೀವಂತವಾಗಿ ನೀರಿಗೆ ಬಿಡುತ್ತಾರೆ. ಕಷ್ಟವಿರುವುದು ಇಲ್ಲಿಯೇ.

ಕಿವಿರಿಗೋ ದವಡೆಗೋ ಕೊಕ್ಕೆ ಸಿಕ್ಕಿಸಿ ನೇತುಹಾಕಬಾರದು. ನೀರಿನಲ್ಲಿ ಹಗುರಾಗಿದ್ದ ಮೈಯ ಭಾರವೆಲ್ಲ ಆ ಒಂದೇ ಜಾಗಕ್ಕೆ ಬಿದ್ದು ಒಳಗೆ ಹರಿಯುತ್ತದೆ; ಬಿಟ್ಟ ಮೀನು ಈಜಿ ಹೋದಂತೆ ಕಂಡರೂ ಆಮೇಲೆ ಸಾಯಬಹುದು. ಬಟ್ಟೆಯ ಜೋಳಿಗೆ ಬೇಕು, ಅದೂ ಒದ್ದೆಯಾಗಿರಬೇಕು. ಒಣಬಟ್ಟೆ ಮೈಮೇಲಿನ ಲೋಳೆಯನ್ನು ಕಿತ್ತುಬಿಡುತ್ತದೆ. ಆದರೆ ಒದ್ದೆ ಜೋಳಿಗೆಯೂ ತೂಗುತ್ತದಲ್ಲ! ಆದ್ದರಿಂದ ಮೊದಲೇ ಅದನ್ನು ನೀರಿಗದ್ದಿ, ನೀರು ಸೋರಿಸಿ, ಸ್ಪ್ರಿಂಗ್ ತಕ್ಕಡಿಗೆ ತೂಗುಹಾಕಿ, ಮುಳ್ಳನ್ನು ಸೊನ್ನೆಗೆ ತಿರುಗಿಸಿಕೊಳ್ಳಬೇಕು. ತಕ್ಕಡಿಯನ್ನು ಕೈಯಲ್ಲಿ ಎತ್ತಿದರೆ ತೋಳು ನಡುಗುತ್ತದೆ, ಮುಳ್ಳೂ ಕುಣಿಯುತ್ತದೆ. ಬಿದಿರಿನ ಗಳುವಿಗೆ ಕಟ್ಟಿ ಎರಡು ಕಡೆ ಇಬ್ಬರು ಹಿಡಿಯಲಿ. ಮುಳ್ಳು ನಿಂತ ಮೇಲೆ ಮೂರನೆಯವನು ಓದಲಿ. ಹಿಡಿದವನೇ ಓದದಿದ್ದರೆ ಇನ್ನೂ ಒಳ್ಳೆಯದು. ಇದೆಲ್ಲ ನಾವು ಉಸಿರು ಬಿಗಿಹಿಡಿದು ನಿಲ್ಲಬಲ್ಲಷ್ಟು ಹೊತ್ತಿನಲ್ಲಿ ಮುಗಿಯಬೇಕು.

ತಕ್ಕಡಿಯೇ ಸುಳ್ಳು ಹೇಳಿದರೆ? ಮನೆಯಲ್ಲೇ ಪರೀಕ್ಷಿಸಬಹುದು. ಖಾಲಿ ಬಾಲ್ದಿ ತೂಗಿ, ಲೀಟರಿನ ಅಳತೆಯಿಂದ ಹತ್ತು ಲೀಟರು ನೀರು ಹೊಯ್ದು ಮತ್ತೆ ತೂಗಿರಿ. ವ್ಯತ್ಯಾಸ ಹತ್ತು ಕಿಲೋ ಬರಬೇಕು. ರೇಷನ್ ಅಂಗಡಿಯ ತಕ್ಕಡಿಯನ್ನು ಕಣ್ಣಿಟ್ಟು ನೋಡುವ ನಮಗೆ ಇದು ಹೊಸದೇನಲ್ಲ.

ತಕ್ಕಡಿಯೇ ಇಲ್ಲದಿದ್ದರೆ ಟೇಪು ಸಾಕು. ಉದ್ದದ ಅಂಗುಲವನ್ನು ಸುತ್ತಳತೆಯ ಅಂಗುಲದಿಂದ ಎರಡು ಸಲ ಗುಣಿಸಿ 800ರಿಂದ ಭಾಗಿಸಿದರೆ ಪೌಂಡು ಬರುತ್ತದೆ. ಉದ್ದ 36, ಸುತ್ತು 24 ಆದರೆ ಸುಮಾರು 26 ಪೌಂಡು, ಹತ್ತಿರ ಹತ್ತಿರ 12 ಕಿಲೋ. ಇದು ಅಂದಾಜು ಮಾತ್ರ. ಪಂದ್ಯದ ಪುಸ್ತಕದಲ್ಲಿ ಬರೆಯುವಂಥದಲ್ಲ.